ಹಳೇ ಕಾರು ಇರುವುದು ಓಡಿಸಲಿಕ್ಕೆ

ಚಳಿ ಹೋಗಿ ಮಾವು, ಗೇರು ಹೂ ಬಿಡುವ ಹೊತ್ತಿಗೆ ನಮ್ಮ ಹಳೇ ಕಾರಿನ ಬಳಗದವರು ಮಂಗಳೂರಿನಿಂದ ಘಟ್ಟದ ಬುಡದ ಕಡೆಗೆ ಒಂದು ಡ್ರೈವ್ ಹೋಗುತ್ತೇವೆ. ಬೆಳಿಗ್ಗೆ ಹೊರಟು, ಎಲ್ಲಾದರೂ ಒಟ್ಟಿಗೆ ಊಟ ಮಾಡಿ, ಸಂಜೆಗೆ ವಾಪಸ್. ಈ ಸಲ ಹೊರಡುವ ಮೊದಲು ಗ್ರೂಪಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ಇಷ್ಟು ಬಿಸಿಲಿಗೆ ಹಳೇ ಗಾಡಿ ಯಾಕೆ ಓಡಿಸಬೇಕು, ಯಾವುದಾದರೂ ರೆಸಾರ್ಟಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸೋಣ, ಜನ ಬಂದು ಫೋಟೋ ತೆಗೆಯಲಿ, ಅಲ್ಲೇ ಬಫೆ ಊಟ ಮುಗಿಸಿದರೆ ಆಯಿತಲ್ಲ ಅಂತ ಕೆಲವರು. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಹಳೇ ಕಾರು ಜಾಸ್ತಿ ಹಾಳಾಗುವುದು ನಿಂತಲ್ಲೇ. ನಮ್ಮ ಕರಾವಳಿಯಲ್ಲಂತೂ ಕೇಳುವುದೇ ಬೇಡ, ಉಪ್ಪು ಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ತಾರ್ಪಾಲು ಹೊದೆಸಿ ಶೆಡ್ಡಿನಲ್ಲಿಟ್ಟ ಗಾಡಿಯ ಪೈಂಟ್ ಹೊಳೆಯುತ್ತಲೇ ಇರುತ್ತದೆ, ನೆಲದ ತಗಡು ಮಾತ್ರ ಕೆಳಗಿನಿಂದ ತುಕ್ಕು ತಿಂದು ಒಂದು ದಿನ ಕಾಲಿಟ್ಟರೆ ಒಳಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ, ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಸಣ್ಣ ತೂತು, ಅಂದರೆ ಜೆಟ್, ಕಟ್ಟುತ್ತದೆ. ಬ್ರೇಕಿನ ವೀಲ್ ಸಿಲಿಂಡರ್ ಜಾಮ್ ಆಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೇರೆ. ಅದು ಗಾಳಿಯಲ್ಲಿರುವ ನೀರಿನಂಶವನ್ನು ಎಳೆದುಕೊಳ್ಳುತ್ತದೆ, ಆ ಕಾಲದ ರಬ್ಬರ್ ಪೈಪಿಗೆ, ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪಿನ ಡಯಾಫ್ರಾಮಿಗೆ ಆಗಿಬರುವುದಿಲ್ಲ. ಅಂಥ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡುವುದು ಬೇಡವೇ ಬೇಡ. ಓಡಿಸಿದರೆ ಎಣ್ಣೆ ಎಲ್ಲ ಕಡೆ ಹೋಗುತ್ತದೆ, ಸೀಲು ಒಣಗುವುದಿಲ್ಲ, ಎಲ್ಲಿ ಸೋರುತ್ತಿದೆ ಅಂತ ಆವತ್ತೇ ಗೊತ್ತಾಗುತ್ತದೆ.

ಕೊನೆಗೆ ಡ್ರೈವ್ ಹೋಗುವುದೇ ಅಂತಾಯಿತು, ಸದ್ಯ! ಅಂಬಾಸಿಡರ್, ಪದ್ಮಿನಿ, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಹಿಂದಿನಿಂದ ಜೀಪು. ಮಂಗಳೂರಿನ ಬಿಕರ್ನಕಟ್ಟೆಯಿಂದ ಕಾರ್ಕಳ ಹತ್ತಿರದ ಸಾಣೂರಿನವರೆಗೆ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ ಶುರುವಾದ ಮೇಲೆ ಆ ರೋಡಿನ ನೆರಳೆಲ್ಲ ಹೋಗಿದೆ. ದೊಡ್ಡ ದೊಡ್ಡ ಮರಗಳಿದ್ದ ರೋಡು ಅದು, ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಹಾಗಾಗಿ ಮೂಡುಬಿದಿರೆ ದಾಟುವುದೇ ತಡ, ಶಿರ್ತಾಡಿ ಕಡೆಗೆ ತಿರುಗಿ ನಾರಾವಿ ಮೇಲೆ ಬಜಗೋಳಿಗೆ ಹೋದೆವು. ಸಾಲಾಗಿ ಅಂಟಿಕೊಂಡು ಹೋಗಬಾರದು, ನಡುವೆ ಜಾಗ ಬಿಡಬೇಕು, ಬಸ್ಸು ಬಂದರೆ ಸೈಡ್ ಕೊಡಬೇಕು ಅಂತ ಮೊದಲೇ ಹೇಳಿಯಾಗಿತ್ತು. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಅಂದರೆ ಏನು ಅಂತ ಗೊತ್ತಲ್ಲ, ನಮ್ಮ ಖುಷಿಗೆ ಅವರ ಟ್ರಿಪ್ ಹಾಳಾಗಬಾರದು.

ಪದ್ಮಿನಿಯ ಎಂಜಿನ್ 1089 ಸಿಸಿ, ಗೇರು ಸ್ಟೇರಿಂಗ್ ಪಕ್ಕದಲ್ಲಿ. ಎಸಿ ಇಲ್ಲ. ನಲವತ್ತು ಐವತ್ತರ ಸ್ಪೀಡಿನಲ್ಲಿ ಕಿಟಕಿ ಇಳಿಸಿಕೊಂಡು ಹೋದರೆ ಊರು ನಿಜವಾಗಿ ಕಾಣುತ್ತದೆ. ಶಿರ್ತಾಡಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಸುರಗಿಯ ಪರಿಮಳ ಗಾಡಿಯೊಳಗೇ ಬಂತು, ನೋಡಿದರೆ ಮರದ ಕೊಂಬೆಗಳಿಗೆಲ್ಲ ಹೂ ಅಂಟಿಕೊಂಡಿದೆ, ಕೆಳಗೆ ಒಬ್ಬರು ಅಜ್ಜಿ ಬಟ್ಟೆ ಹಾಸಿ ಮೊಗ್ಗು ಒಟ್ಟು ಮಾಡುತ್ತಿದ್ದರು. ಗದ್ದೆಯಲ್ಲಿ ಉದ್ದು ಕೀಳುವ ಕೆಲಸ. ಭೂತದ ನೇಮದ ಬ್ಯಾನರು ಇಲ್ಲದ ಜಂಕ್ಷನ್ ಇಲ್ಲ.

ನಾರಾವಿಯಲ್ಲಿ ಚಾ ಕುಡಿಯಲಿಕ್ಕೆ ನಿಂತಾಗ ಒಬ್ಬರು ಹಿರಿಯರು ಸೀದಾ ಅಂಬಾಸಿಡರ್ ಹತ್ತಿರ ಬಂದು ಬಾನೆಟ್ ಮೇಲೆ ಕೈ ಇಟ್ಟರು. ಟ್ಯಾಕ್ಸಿ ಓಡಿಸಿದವರಂತೆ. ರಾತ್ರಿ ಹೆರಿಗೆ ಕೇಸು, ಮದುಮಗಳ ದಿಬ್ಬಣ, ಬಜ್ಪೆ ಏರ್‌ಪೋರ್ಟಿಗೆ ಹೋಗಿ ಗಲ್ಫಿನಿಂದ ಬಂದವರನ್ನು ಕ್ಯಾರಿಯರ್ ತುಂಬ ಪೆಟ್ಟಿಗೆ ಕಟ್ಟಿಕೊಂಡು ಕರೆತಂದದ್ದು, ಎಲ್ಲ ಹೇಳಿದರು. ಡ್ರೈವಿಂಗ್ ಸೀಟಿನಲ್ಲಿ ಕೂತು ಒಂದು ರೌಂಡ್ ಹೋಗಿ ಬಂದರು, ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತದೆ, ಅಡ್ಜಸ್ಟ್ ಮಾಡಿಸಿ ಅಂದರು. ಅವರು ಹೇಳಿದ್ದು ಸರಿ ಇತ್ತು. ಟಿಕೆಟ್ ಇಟ್ಟು ರೆಸಾರ್ಟಿನಲ್ಲಿ ಶೋ ಮಾಡಿದರೆ ಇಂಥವರು ಬರುತ್ತಾರಾ?

ನಾನು ಹೇಳಬೇಕಾದ ಮುಖ್ಯ ವಿಷಯ ನಡೆದದ್ದು ಹೊಸ್ಮಾರಿನ ನಂತರ. ಏರಿನಲ್ಲಿ ಅಂಬಾಸಿಡರ್ ಎರಡು ಸಲ ಕೆಮ್ಮಿ ನಿಂತಿತು. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ನಮ್ಮ ಜೊತೆ ಕಾರ್ಕಳದ ಒಬ್ಬರು ಮೆಕ್ಯಾನಿಕ್ ಇದ್ದರು, ವಯಸ್ಸಾಗಿ ಗ್ಯಾರೇಜು ಮುಚ್ಚಿದವರು. ಅವರು ಟೂಲ್ ಬಾಕ್ಸ್ ಮುಟ್ಟಲೇ ಇಲ್ಲ. ಹೆಗಲ ಮೇಲಿನ ಬೈರಾಸನ್ನು ನೀರಲ್ಲಿ ಅದ್ದಿ, ಹಿಂಡಿ, ಪೆಟ್ರೋಲ್ ಪಂಪಿಗೆ ಸುತ್ತಿದರು. ಈ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಬಿಸಿ ಜಾಸ್ತಿಯಾದರೆ ಒಳಗಿನ ಪೆಟ್ರೋಲು ಆವಿಯಾಗಿಬಿಡುತ್ತದೆ, ಪಂಪಿಗೆ ಆವಿ ಎಳೆಯಲಿಕ್ಕೆ ಆಗುವುದಿಲ್ಲ, ಕಾರ್ಬ್ಯುರೇಟರಿಗೆ ಏನೂ ಮುಟ್ಟುವುದಿಲ್ಲ. ವೇಪರ್ ಲಾಕ್ ಅನ್ನುವುದು ಇದಕ್ಕೇ. ಸ್ವಲ್ಪ ಹೊತ್ತು ಬಿಟ್ಟು ಪಂಪಿನ ಸಣ್ಣ ಲಿವರನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿದರು. ಮೊದಲು ಬಿಗಿ ಇತ್ತು, ಕಾರ್ಬ್ಯುರೇಟರಿಗೆ ಪೆಟ್ರೋಲು ತುಂಬಿದ ಮೇಲೆ ಸಡಿಲವಾಯಿತು. ‘ಈಗ ಹೊಡಿ’ ಅಂದರು. ಒಂದೇ ಸಲಕ್ಕೆ ಸ್ಟಾರ್ಟ್.

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ನಮ್ಮ ಜೊತೆ ಬಂದಿದ್ದ. ಇದನ್ನೆಲ್ಲ ಬಗ್ಗಿ ನೋಡುತ್ತಿದ್ದವನು, ಆ ಲಿವರ್ ನಾನೂ ಒಮ್ಮೆ ಒತ್ತಿ ನೋಡಲಾ ಅಂತ ಕೇಳಿದ. ಸಡಿಲ ಯಾವುದು, ಬಿಗಿ ಯಾವುದು ಅಂತ ಅವನ ಬೆರಳಿಗೆ ಗೊತ್ತಾಯಿತು. ಅದು ವಿಡಿಯೋ ನೋಡಿ ಬರುವುದಿಲ್ಲ. ಹಳೇ ಕಾರಿನ ಪಾರ್ಟ್ಸ್ ಹೇಗಾದರೂ ಹುಡುಕಬಹುದು, ಇಲ್ಲದಿದ್ದರೆ ಲೇತಿನಲ್ಲಿ ಮಾಡಿಸಬಹುದು. ಎಂಜಿನ್ನಿನ ಸದ್ದು ಕೇಳಿಯೇ ಟ್ಯಾಪೆಟ್ ಸೆಟ್ ಮಾಡುವವರು, ಪ್ಲಗ್ಗಿನ ಬಣ್ಣ ನೋಡಿಯೇ ಪೆಟ್ರೋಲು ಗಾಳಿಯ ಮಿಕ್ಸ್ಚರ್ ಹೇಗಿದೆ ಅಂತ ಹೇಳುವವರು ಹೋದರೆ ಎಲ್ಲಿಂದ ತರುತ್ತೀರಿ? ಗಾಡಿ ರೋಡಿಗೆ ಇಳಿದರೆ ಮಾತ್ರ ಅವರಿಗೆ ಕೆಲಸ, ಅವರಿಂದ ಕಲಿಯುವವರಿಗೂ ಕೆಲಸ.

ಅದಕ್ಕೇ ಊಟದಲ್ಲೂ ನನ್ನದೊಂದು ಹಟ ಇತ್ತು. ಮೆಕ್ಯಾನಿಕ್, ಪೈಂಟರ್, ಸೀಟು ಹೊಲಿಯುವವರು ಎಲ್ಲರೂ ನಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಕೂರಬೇಕು. ಹಾಗೇ ಆಯಿತು. ಬಜಗೋಳಿ ಹತ್ತಿರ ಗೆಳೆಯರೊಬ್ಬರ ತೋಟದ ಮನೆ, ಚಾವಡಿಯಲ್ಲಿ ಬಾಳೆ ಎಲೆ. ಕುಚ್ಚಲಕ್ಕಿ ಅನ್ನ, ಗುಜ್ಜೆ ಪಲ್ಯ, ತೊಂಡೆಕಾಯಿಗೆ ಎಳೆ ಗೇರುಬೀಜ ಹಾಕಿದ ಉಪ್ಕರಿ, ಮಾವಿನ ಮಿಡಿ, ಪುನರ್ಪುಳಿ ಸಾರು, ಕೊನೆಗೆ ಹೆಸರುಬೇಳೆ ಪಾಯಸ. ಎಳೆ ಗೇರುಬೀಜ ಸಿಗುವುದೇ ಈ ದಿನಗಳಲ್ಲಿ, ಸಿಪ್ಪೆ ಸುಲಿದವರ ಕೈಯೆಲ್ಲ ಸೊನೆ ತಾಗಿ ಕಪ್ಪಾಗಿತ್ತು. ಊಟ ಆದ ಮೇಲೆ ಯಾರೂ ಮಲಗಲಿಲ್ಲ, ಹೆರಾಲ್ಡಿನ ಬಾನೆಟ್ ಎತ್ತಿ ನಿಂತರು. ಅದರ ಬಾನೆಟ್ ಮಡ್ಗಾರ್ಡು ಸಮೇತ ಮುಂದಕ್ಕೆ ಬಾಗುತ್ತದೆ, ಟಯರ್ ಮೇಲೆ ಕೂತು ಕೆಲಸ ಮಾಡಬಹುದು!

ಮ್ಯೂಸಿಯಂ ಬೇಡ ಅಂತ ನಾನು ಹೇಳುವುದಿಲ್ಲ. ಧರ್ಮಸ್ಥಳದಲ್ಲಿರುವ ಹಳೇ ಕಾರುಗಳ ಸಂಗ್ರಹ ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು. ಅಪರೂಪದ ಗಾಡಿಗಳಿಗೆ ಅಂಥ ಜಾಗ ಬೇಕು. ಆದರೆ ನಮ್ಮ ಹತ್ತಿರ ಇರುವುದು ಊರಿನ ಗಾಡಿಗಳು. ಅಂಬಾಸಿಡರ್ ತಯಾರಾಗುವುದು 2014ರಲ್ಲೇ ನಿಂತಿತು, ಪದ್ಮಿನಿ ಅದಕ್ಕೂ ಮೊದಲು. ಇನ್ನು ಹೊಸತು ಬರುವುದಿಲ್ಲ.

ಕಾನೂನೂ ಅಡ್ಡ ಬರುವುದಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್ ಸಿಗುತ್ತದೆ, ದಿನಬಳಕೆಗೆ ಬಿಡುವುದಿಲ್ಲ, ಆದರೆ ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ ಓಡಿಸಬಹುದು. ಎಂಬತ್ತರ ದಶಕದ ಪದ್ಮಿನಿಗಳಿಗೆ ಆ ವಯಸ್ಸು ಆಗಿಲ್ಲ, ಅವುಗಳದ್ದು ಮಾಮೂಲಿ ರಿಜಿಸ್ಟ್ರೇಷನ್ ನವೀಕರಣ. 2025ರಿಂದ 20 ವರ್ಷ ದಾಟಿದ ಕಾರಿಗೆ ಅದರ ಶುಲ್ಕವೇ 10,000 ರೂಪಾಯಿ. ಅಷ್ಟು ದುಡ್ಡು ಕಟ್ಟಿ ಸುಮ್ನೆ ಶೆಡ್ಡಿನಲ್ಲಿ ಇಡುವುದಾ?

ಮುಂದಿನ ಡ್ರೈವ್ ಮಳೆ ನಿಂತ ಮೇಲೆ, ಹೆಬ್ರಿ ಕಡೆಗೆ. ಮನೆಯಲ್ಲಿ ನಿಂತ ಕಾರು ಇರುವವರು ದಯವಿಟ್ಟು ಈಗಲೇ ಟ್ಯಾಂಕಿನ ಹಳೇ ಪೆಟ್ರೋಲು ತೆಗೆಸಿ, ಸ್ಟಾರ್ಟ್ ಮಾಡುವ ಮೊದಲು ಬ್ರೇಕ್ ನೋಡಿಸಿ, ರಬ್ಬರ್ ಪೈಪೆಲ್ಲ ಹೊಸತು ಹಾಕಿಸಿ. ನಿಮ್ಮೂರಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ಗೊತ್ತಿರುವ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ, ಮುಂದಿನ ಸೀಟು ಅವರಿಗೆ.