ವೀಸಾಕ್ಕೆ ಕೊಟ್ಟ ರಕ್ತ

ನಮ್ಮ ಕಾಸರಗೋಡಿನಲ್ಲಿ 'ಮೆಡಿಕಲ್' ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮನೆಗೊಬ್ಬರಾದರೂ ಗಲ್ಫ್‌ನ ಕನಸು ಕಂಡವರೇ. 2012ರಲ್ಲಿ ಸೌದಿ ವೀಸಾಕ್ಕೆ ಬೇಕಾದ ಆ ಆರೋಗ್ಯ ಪರೀಕ್ಷೆಗೆಂದು ನಾನೂ ಕುಂಬಳೆಯಿಂದ ಬೆಳಗಿನ ಬಸ್ಸು ಹಿಡಿದು ಮಂಗಳೂರಿಗೆ ಹೋಗಿದ್ದೆ. ಎಕ್ಸ್‌ರೇ, ಮೂತ್ರ, ರಕ್ತ. ಆ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಕೂಡುವುದರಿಂದ ಅಂಟುವ ಸಿಫಿಲಿಸ್ ಎಲ್ಲ ನೋಡುತ್ತಾರೆ. ಸಾಲಿನಲ್ಲಿ ಊರಿನವರೇ ನಾಲ್ಕು ಜನ ಇದ್ದರು. ಯಾರಿಗೂ ನಾಚಿಕೆ ಆಗಲಿಲ್ಲ. 'ಅನ್‌ಫಿಟ್' ಬಾರದಿದ್ದರೆ ಸಾಕಿತ್ತು.

ಆರು ವರ್ಷ ಕಳೆದು ಹೆಂಡತಿ ಬಸುರಿಯಾದಳು. ಬಸುರಿಯರಿಗೆಲ್ಲ ಮಾಡುವ ಹಾಗೆ ಅವಳಿಗೂ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿದರು. "ನೀವೂ ಒಮ್ಮೆ ಮಾಡಿಸಿಕೊಳ್ಳಿ" ಎಂದರು ಡಾಕ್ಟರ್. ನನಗೆ ಸಿಟ್ಟು ನೆತ್ತಿಗೇರಿತು. "ನನ್ನನ್ನು ಏನೆಂದುಕೊಂಡಿದ್ದೀರಿ?" ಎಂದುಬಿಟ್ಟೆ. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಆ ಮುಖ ಇವತ್ತಿಗೂ ಮರೆತಿಲ್ಲ. ಕಂಪನಿ ಕೇಳಿದಾಗ ತೋಳು ಚಾಚಿದವನು ಹೆಂಡತಿ, ಮಗುವಿನ ಸಲುವಾಗಿ ಕೇಳಿದಾಗ ಜಗಳಕ್ಕೆ ನಿಂತಿದ್ದೆ.

ಡಾಕ್ಟರ್ ಬೇಸರಿಸದೆ ಕೂರಿಸಿ ಹೇಳಿದರು. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ನಾವು ವಾಸಿಯಾಯಿತು ಅಂದುಕೊಳ್ಳುತ್ತೇವೆ, ರೋಗ ಒಳಗೆ ವರ್ಷಗಟ್ಟಲೆ ಕೂತಿರುತ್ತದೆ. ಬಸುರಿಗೆ ಅಂಟಿದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಪೆನಿಸಿಲಿನ್ ಇಂಜೆಕ್ಷನ್‌ನಿಂದ ಗುಣವಾಗುತ್ತದೆ. ಹೆಂಡತಿಗೆ ಮದ್ದು ಕೊಟ್ಟು ಗಂಡನನ್ನು ಹಾಗೇ ಬಿಟ್ಟರೆ ಅವಳಿಗೆ ಮತ್ತೆ ಅಂಟಬಹುದು. ಕ್ಲಾಮಿಡಿಯಾ ಎಂಬ ಇನ್ನೊಂದು ಲೈಂಗಿಕ ರೋಗದಲ್ಲಂತೂ ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಮಕ್ಕಳಾಗಲಿಲ್ಲ ಎಂದು ಹರಕೆ ಹೊತ್ತು ಅಲೆಯುವಷ್ಟರಲ್ಲಿ ಗರ್ಭನಾಳ ಹಾಳಾಗಿರಬಹುದು. ಬೈಗುಳ ಮಾತ್ರ ಅವಳಿಗೇ ಅಲ್ವಾ?

ಎಚ್‌ಐವಿಯೂ ಈಗ ಮೊದಲಿನ ಹಾಗಿಲ್ಲ. ದಿನಾ ಮಾತ್ರೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಕೂಡುವುದರಿಂದ ಸಂಗಾತಿಗೆ ಅಂಟುವುದಿಲ್ಲ. ಆದರೆ ಮಾತ್ರೆ ಶುರುವಾಗಬೇಕಾದರೆ ಮೊದಲು ಗೊತ್ತಾಗಬೇಕು.

ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆಯ ಕೇಂದ್ರಕ್ಕೆ 'ಜ್ಯೋತಿಸ್' ಎಂದು ಹೆಸರು. ಲೈಂಗಿಕ ರೋಗಗಳ ಕ್ಲಿನಿಕ್ಕಿಗೆ 'ಪುಲರಿ', ಅಂದರೆ ಮಲಯಾಳದಲ್ಲಿ ಬೆಳಗಿನ ಜಾವ. ಹೆಸರು ಚಂದವೇ. ಆದರೆ ನಮ್ಮ ಕಾಸರಗೋಡಿನ ಪೈವಳಿಕೆಯ, ಎಣ್ಮಕಜೆಯ ಕನ್ನಡ ಮಾತ್ರ ಓದಬಲ್ಲ ಹೆಂಗಸಿಗೆ ಅದು ಯಾವ ಕೋಣೆ ಅಂತ ಹೇಗೆ ಗೊತ್ತಾಗಬೇಕು? ಆ ಹೆಸರುಗಳ ಕೆಳಗೆ ಕನ್ನಡದಲ್ಲಿ ಒಂದು ಸಾಲು ಇರಲೇಬೇಕು. ಇದು ನನ್ನ ಹಟ.

ಜ್ಯೋತಿಸ್‌ನಲ್ಲಿ ದುಡ್ಡಿಲ್ಲ. ಮೊದಲು ಕೂರಿಸಿ ಮಾತಾಡುತ್ತಾರೆ, ನಿಮ್ಮ ಒಪ್ಪಿಗೆ ಕೇಳುತ್ತಾರೆ. ಎಚ್‌ಐವಿ ವಿಷಯ ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಸುಮ್ನೆ ಕೇಳಿ ತಿಳಿಯಬೇಕೆಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು. ಪರಿಚಯದವರು ಕಂಡಾರು ಎಂದು ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವವರಿದ್ದಾರೆ. ಹೋಗಲಿ, ತಪ್ಪೇನಿಲ್ಲ.

ಗೆಳೆಯರೇ, ಗಲ್ಫ್‌ಗೆ ಹೋಗುವಾಗ ಸಿಕ್ಕಿದ 'ಫಿಟ್' ಕಾಗದ ಆ ದಿನದ ಮಟ್ಟಿಗೆ ಮಾತ್ರ. ಅಂಟಿದ ಮರುದಿನವೇ ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಎಚ್‌ಐವಿಗೆ ಕೆಲವು ಪರೀಕ್ಷೆಗಳಲ್ಲಿ ಮೂರು ತಿಂಗಳವರೆಗೂ ಬೇಕಾಗಬಹುದು. ಅಪಾಯ ಆಗಿರಬಹುದು ಅನ್ನಿಸಿದರೆ ಡಾಕ್ಟರಿಗೆ ದಿನ ಹೇಳಿ, ಮತ್ತೆ ಯಾವಾಗ ಬರಬೇಕೆಂದು ಕೇಳಿ.

ಮರುವಾರ ನಾನು ಹೋಗಿ ರಕ್ತ ಕೊಟ್ಟೆ. ರಿಪೋರ್ಟಿನಲ್ಲಿ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಹೆಂಡತಿಗೆ ತೋರಿಸಿದ್ದೇನೆ. ಒಬ್ಬರೇ ಹೋಗಲು ಕಾಲು ಬಾರದವರು ನನಗೆ ಮೆಸೇಜ್ ಮಾಡಿ. ಬುಧವಾರ ನನಗೆ ರಜೆ, ಜೊತೆಗೆ ಬರುತ್ತೇನೆ.