ಗಂಟೆಗೊಂದು ಸೆಲ್ಫಿ, ತಿಂಗಳಿಗೊಂದು ಬಾಡಿಗೆ

2020ರ ಮಾರ್ಚ್ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರಕ್ಕೆ ಪ್ರಜೆಗಳ ಮುಖ ನೋಡುವ ಆಸೆ ಹುಟ್ಟಿತು. ಕೊರೊನಾ ಕಾಲದ ಹೋಮ್ ಕ್ವಾರಂಟೈನ್‌ನಲ್ಲಿ ಇರುವವರು ಗಂಟೆಗೊಂದು ಸೆಲ್ಫಿ ಕಳಿಸಬೇಕು ಅಂತ ಅಪ್ಪಣೆಯಾಯಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ವಿನಾಯಿತಿ. ಪಾಪ, ವೈರಸ್ಸೂ ಮಲಗಬೇಕಲ್ವಾ? ಫೋಟೊ ಜೊತೆ ನೀವಿರುವ ಜಾಗದ ಗುರುತೂ ಹೋಗಬೇಕು. ತಪ್ಪಿದರೆ ಸರ್ಕಾರಿ ಕ್ವಾರಂಟೈನ್‌ಗೆ ಸಾಗಿಸುತ್ತೇವೆ ಅಂತ ಎಚ್ಚರಿಕೆ ಬೇರೆ.

ನಮ್ಮ ಹಿಂದಿನ ಬೀದಿಯ ಆಟೋ ಡ್ರೈವರ್ ಆ ವರ್ಷ ಜುಲೈನಲ್ಲಿ ಮಾವನ ತಿಥಿಗೆ ಹಿಂದೂಪುರಕ್ಕೆ ಹೋಗಿಬಂದ. ಗೌರಿಬಿದನೂರು ದಾಟಿದರೆ ಹಿಂದೂಪುರ. ಆದರೆ ಅದು ಆಂಧ್ರ. ವಡೆ ತಿಂದು ಬಂದಿದ್ದಕ್ಕೆ ಕೈಗೆ ಮುದ್ರೆ, ಬಾಗಿಲಿಗೆ ನೋಟಿಸು, 14 ದಿನ ಮನೆವಾಸ.

ದಿನಕ್ಕೆ 15 ಸೆಲ್ಫಿ ಅಂದರೂ 14 ದಿನಕ್ಕೆ 210 ಆಯಿತು. ಅವನ ಮದುವೆ ಆಲ್ಬಮ್ಮಿನಲ್ಲೇ ಅಷ್ಟು ಫೋಟೊ ಇಲ್ಲ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗಿಂದ ಹೆಂಡತಿ ಕೂಗುತ್ತಿದ್ದಳು, "ರೀ, ಗಂಟೆ ಆಯ್ತು!" ಒಂದು ದಿನ ಅವನು ಖಾಲಿ ಅಕ್ಕಿ ಡಬ್ಬ ಎದೆಗವಚಿಕೊಂಡು ಸೆಲ್ಫಿ ತೆಗೆದ. ಕಳಿಸುವ ಮೊದಲು ನನಗೆ ಫೋನ್ ಮಾಡಿದ. "ಸಾರ್, ಡಬ್ಬ ಸೇರಿಸಿದ್ರೆ ಮುಖ ಚಿಕ್ಕದಾಗುತ್ತೆ. ಒಪ್ತಾರಾ?" ಡಬ್ಬ ಕೇಳಿಲ್ಲಪ್ಪ, ಮುಖ ಸಾಕು ಅಂದೆ.

ದುಡಿಮೆ ನಿಂತವರನ್ನು ಸರ್ಕಾರ ಪೂರ್ತಿ ಮರೆತಿತ್ತು ಅಂತ ಹೇಳಿದರೆ ತಪ್ಪಾಗುತ್ತದೆ. ಮೇ ತಿಂಗಳಲ್ಲೇ ಆಟೋ, ಟ್ಯಾಕ್ಸಿಯವರಿಗೆ 5,000 ರೂಪಾಯಿ ಘೋಷಣೆಯಾಗಿತ್ತು. ಒಂದೇ ಸಲ. ನಮ್ಮವನೂ ಅರ್ಜಿ ಹಾಕಿದ್ದ. ಇವನು ಗಡಿ ದಾಟಿದ್ದು ಒಂದೇ ದಿನದಲ್ಲಿ ಗೊತ್ತಾಗಿತ್ತು. ಇವನು ಆಟೋ ಓಡಿಸುತ್ತಾನೆ ಅನ್ನುವುದು ಮಾತ್ರ ಎರಡು ತಿಂಗಳಾದರೂ ಇನ್ನೂ ಪರಿಶೀಲನೆಯಲ್ಲಿತ್ತು.

ಆಟೋ ಸಾಲದ ಕಂತು? ಆಗಸ್ಟ್ ಕೊನೆಯವರೆಗೆ ಕಟ್ಟದಿದ್ದರೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿತ್ತು. ಅಂದರೆ ಕಂತಿಗೂ ಕ್ವಾರಂಟೈನ್. ಬಡ್ಡಿಗೆ ಮಾತ್ರ ಇಲ್ಲ. ಅದು ಮಾಸ್ಕ್ ಕೂಡ ಇಲ್ಲದೆ ಓಡಾಡಿಕೊಂಡು ದಪ್ಪಗಾಗುತ್ತಿತ್ತು. ಇನ್ನು ಮನೆ ಓನರ್ರು ನಿಯಮದ ಮನುಷ್ಯ. ಆರಡಿ ದೂರ ಬಿಟ್ಟು ಮೆಟ್ಟಿಲ ಮೇಲೆ ನಿಂತೇ ಹೇಳಿದರು, "ನೋಟು ಮುಟ್ಟೋದು ಬೇಡಪ್ಪ. ಫೋನಲ್ಲೇ ಹಾಕ್ಬಿಡು."

ವಿನಾಯಿತಿ ಯಾರಿಗೂ ಇರಲಿಲ್ಲ ಅಂತಲ್ಲ. ಮೇ 25ಕ್ಕೆ ದೇಶದೊಳಗಿನ ವಿಮಾನ ಮತ್ತೆ ಶುರುವಾದ ದಿನವೇ ಆಗಿನ ಕೇಂದ್ರ ಸಚಿವ ಸದಾನಂದ ಗೌಡರು ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದರು. ದೆಹಲಿಯಿಂದ ಬಂದ ಉಳಿದವರಿಗೆ ಏಳು ದಿನ ಸರ್ಕಾರಿ ಕ್ವಾರಂಟೈನ್. ಸಚಿವರು ಕಾರು ಹತ್ತಿ ಹೊರಟರು. ಔಷಧಿ ಖಾತೆ ತಮ್ಮದು, ತಮ್ಮಂಥವರಿಗೆ ವಿನಾಯಿತಿ ಇದೆ ಅಂದರು. ಇದ್ದೀತು. ವೈರಸ್ಸಿಗೂ ಖಾತೆ ಹಂಚಿಕೆ ಗೊತ್ತಿರುತ್ತದೆ.

ಡ್ರೈವರ್‌ಗೆ ಇದನ್ನು ಹೇಳಿ ಸಮಾಧಾನ ಮಾಡಲು ಹೋದೆ. ಅವನು ಆ ಜುಲೈನಲ್ಲೇ ಬೆಂಗಳೂರಿನ ದೊಮ್ಮಲೂರಿನಲ್ಲಿ ಪಾಲಿಕೆಯವರು ಎರಡು ಫ್ಲ್ಯಾಟ್‌ಗಳ ಬಾಗಿಲಿಗೆ ತಗಡು ಹೊಡೆದ ಸುದ್ದಿ ಓದಿದ್ದ. ಆಮೇಲೆ ಆಯುಕ್ತರು ಕ್ಷಮೆ ಕೇಳಿ ತಗಡು ತೆಗೆಸಿದರು. "ಬಿಡಿ ಸಾರ್, ನಮಗಿನ್ನೂ ಬರೀ ನೋಟಿಸು" ಅಂದ.

15ನೇ ದಿನ ಬೆಳಿಗ್ಗೆ ಆಟೋ ಒರೆಸಿ, ಪೂಜೆ ಮಾಡಿ ಹೊರಟ. ಕೈಯ ಮುದ್ರೆಯನ್ನು ಹುಣಸೆಹಣ್ಣು, ನಿಂಬೆಹಣ್ಣು ಎಲ್ಲ ಹಾಕಿ ತಿಕ್ಕಿದ್ದನಂತೆ. ಪೂರ್ತಿ ಹೋಗಿರಲಿಲ್ಲ. ಮೊದಲ ಗಿರಾಕಿ ಹತ್ತಿ ಕೂತರು. ಮೀಟರ್ ಹಾಕಲು ಇವನು ಕೈ ಚಾಚಿದ. ಅವರು ಆ ಕೈ ನೋಡಿದರು, ಬ್ಯಾಗು ಎತ್ತಿಕೊಂಡು ಇಳಿದರು.