ಮೈಕಿನ ಸಾಲು

ಪ್ರೆಸ್ಬಿಟೇರಿಯನ್ ಅನ್ನುವ ನಮ್ಮ ಕ್ರೈಸ್ತ ಪಂಗಡ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಬೇರೆಯವರಲ್ಲಿ ಬಿಷಪ್ ಒಬ್ಬರೇ ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ನಾವು ಕಮಿಟಿ ಮಾಡಿಕೊಂಡು ಐದು ದಿನ ಕೂರುತ್ತೇವೆ. ಹೆಸರಲ್ಲೇ ಇದೆಯಲ್ಲ. ಗ್ರೀಕಿನಲ್ಲಿ ಪ್ರೆಸ್ಬಿಟೆರೊಸ್ ಅಂದರೆ ಹಿರಿಯ. ನಾಲ್ಕು ಜನ ಹಿರಿಯರು ಒಂದೆಡೆ ಸೇರಿದರೆ ಮಾತು ಬೇಗ ಮುಗಿಯುತ್ತಾ? ಚರ್ಚುಗಳ ಪ್ರತಿನಿಧಿಗಳೆಲ್ಲ ಕೂರುವ ಮಹಾಸಭೆ ಮೊದಲು ಸೇರಿದ್ದು 1560ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಅವತ್ತಿನ ಚರ್ಚೆಯೇ ಇನ್ನೂ ನಡೀತಾ ಇದೆ ಅಂತ ನನ್ನ ಗುಮಾನಿ.

ಒಂದು ವರ್ಷ ಮಹಾಸಭೆಗೆ ಪ್ರತಿನಿಧಿಯಾಗಿ ನನ್ನನ್ನು ಆರಿಸಿದರು. ಆರಿಸಿದರು ಅನ್ನೋದು ದೊಡ್ಡ ಮಾತು. ಹೆಸರು ಸೂಚಿಸುವ ಹೊತ್ತಿಗೆ ನಾನು ಬಿದ್ದ ಪೆನ್ನು ಹುಡುಕುತ್ತಾ ಮೇಜಿನ ಕೆಳಗಿದ್ದೆ. ತಲೆ ಎತ್ತುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಪ್ರತಿನಿಧಿ ಅಂದರೂ ಕಳಿಸಿದವರು ಹೇಳಿದ ಹಾಗೆ ಓಟು ಹಾಕಬೇಕಾಗಿಲ್ಲ, ಮನಸ್ಸಾಕ್ಷಿ ಹೇಳಿದ ಹಾಗೆ ಹಾಕಬೇಕು. ನನ್ನ ಮನಸ್ಸಾಕ್ಷಿ ಏನೋ ತಯಾರಾಗಿತ್ತು. ಓಟು ಯಾವುದಕ್ಕೆ ಅಂತ ಅದಕ್ಕೂ ಗೊತ್ತಾಗಬೇಕಲ್ಲ! ಒಂದು ಠರಾವು ಬಂತು. ಅದಕ್ಕೊಂದು ತಿದ್ದುಪಡಿ. ಆ ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ. "ಇದಕ್ಕೂ ತಿದ್ದುಪಡಿ ತರಬಹುದಾ?" ಅಂತ ಪಕ್ಕದ ಹಿರಿಯರನ್ನು ಕೇಳಿದೆ. ಅವರು ಕಣ್ಣು ತೆರೆಯದೆ, "ಇಲ್ಲ, ಎರಡಕ್ಕೇ ನಿಲ್ಲಿಸಬೇಕು. ದೇವರು ದೊಡ್ಡವನು" ಅಂದರು. ಒಂದು ಪದ ತೆಗೆಯಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ನಾನು ಧೈರ್ಯವಾಗಿ ಗುಂಡಿ ಒತ್ತಿದೆ. ಇರಲಿ ಅಂತ ಒತ್ತಿದ್ದು. ಆಮೇಲೆ ನೋಡಿದರೆ ತೆಗೆಯಿರಿ ಅಂತ ಆಗಿತ್ತು.

ಸಭೆ ನಡೆಸುವ ಈ ನಿಯಮಗಳನ್ನೆಲ್ಲ ಒಟ್ಟುಮಾಡಿ ಬರೆದವರು ಹೆನ್ರಿ ರಾಬರ್ಟ್ ಅಂತ ಅಮೆರಿಕದ ಸೈನ್ಯದ ಎಂಜಿನಿಯರ್. 1863ರಲ್ಲಿ ಒಂದು ಚರ್ಚಿನಲ್ಲಿ ನಡೆದ ಸಭೆಗೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರಂತೆ. ಸಭೆ ಕೈಮೀರಿ ಹೋಯಿತು. ಆ ಅವಮಾನದಲ್ಲಿ ನಿಯಮ ಓದಲು ಕೂತವರು 1876ರಲ್ಲಿ ತಾವೇ ಪುಸ್ತಕ ತಂದರು. ಪಾಪ, ಒಬ್ಬರಿಗೆ ಆದ ಮುಜುಗರವನ್ನು ನಾವೆಲ್ಲ ಇವತ್ತಿಗೂ ಕಂತಿನಲ್ಲಿ ತೀರಿಸುತ್ತಿದ್ದೇವೆ.

ಮೂರನೇ ದಿನ ಮಧ್ಯಾಹ್ನ. ಮುಖ್ಯ ಠರಾವಿನ ಚರ್ಚೆ ಎರಡು ಗಂಟೆ ಹೊತ್ತಿನಿಂದ ಎಳೆಯುತ್ತಿತ್ತು. ನನಗೆ ಒಂದೂವರೆ ಗಂಟೆ ಹೊತ್ತಿನಿಂದ ಶೌಚಾಲಯಕ್ಕೆ ಹೋಗಬೇಕಿತ್ತು. ಕೊನೆಗೆ ಎದ್ದೆ. ಹಾಲಿನ ಪಕ್ಕದಲ್ಲಿ ಒಂದು ಸಾಲು ಕಂಡಿತು. ನಿಂತವರೆಲ್ಲ ಗಂಭೀರವಾಗಿದ್ದರು, ಕೆಲವರು ಕಾಲು ಬದಲಿಸುತ್ತಿದ್ದರು. ನನ್ನ ಹಾಗೇ ಕಷ್ಟದಲ್ಲಿರುವವರು ಅಂದುಕೊಂಡು ಸುಮ್ನೆ ಹಿಂದೆ ನಿಂತೆ. ಮುಂದಿನವರ ಕೈಯಲ್ಲಿ ಮಡಚಿದ ಕಾಗದವಿತ್ತು. ಅಲ್ಲೂ ಓದಿಕೊಳ್ಳುವ ಅಭ್ಯಾಸವಿರಬೇಕು ಅಂತ ಗೌರವವೇ ಬಂತು. ಅವರು ಪಕ್ಕಕ್ಕೆ ಸರಿದಾಗ ನನ್ನೆದುರು ಬಾಗಿಲಿರಲಿಲ್ಲ. ಮೈಕಿತ್ತು.

"ಪರವೋ, ವಿರೋಧವೋ?" ಮಾಡರೇಟರ್, ಅಂದರೆ ಸಭೆಯ ಅಧ್ಯಕ್ಷರು, ವೇದಿಕೆಯಿಂದ ಕೇಳಿದರು. ನೂರಾರು ತಲೆಗಳು ನನ್ನತ್ತ ತಿರುಗಿದವು. ದೊಡ್ಡ ಪರದೆಯ ಮೇಲೆ ನನ್ನ ಬೆವರಿದ ಮುಖ.

"ಎರಡೂ ಅಲ್ಲ. ಇನ್ನು ತಡೆಯೋಕಾಗಲ್ಲ. ಬೇಗ ಮುಗಿಸಿದರೆ ಸಾಕು."

ಒಂದು ಕ್ಷಣ ಮೌನ. ಮಾಡರೇಟರ್ ತಲೆದೂಗಿದರು. "ಚರ್ಚೆ ಮುಗಿಸಿ ಓಟಿಗೆ ಹಾಕಬೇಕೆಂದು ಸೂಚನೆ ಬಂದಿದೆ. ಅನುಮೋದಿಸುವವರು?" ಹಾಲಿನ ಮೂಲೆ ಮೂಲೆಯಿಂದ "ನಾನು, ನಾನು" ಅಂತ ಕೂಗು. ಈ ಸೂಚನೆಯ ಮೇಲೆ ಚರ್ಚೆ ಮಾಡುವಂತಿಲ್ಲ, ಮೂರನೇ ಎರಡು ಭಾಗ ಓಟು ಬಂದರೆ ಸಾಕು. ಮೂರು ದಿನದಲ್ಲಿ ಅಷ್ಟು ಒಗ್ಗಟ್ಟು ನಾನು ನೋಡಿರಲಿಲ್ಲ. ಕಣ್ಣು ತೆರೆಯದ ಹಿರಿಯರು ಎದ್ದು ನಿಂತು ಕೈ ಎತ್ತಿದ್ದರು.

ಠರಾವು ಐದೇ ನಿಮಿಷದಲ್ಲಿ ಇತ್ಯರ್ಥವಾಯಿತು. ಮಾಡರೇಟರ್ ವಿರಾಮ ಘೋಷಿಸಿದರು. ಬೆನ್ನು ತಟ್ಟುವವರು, ಕೈ ಕುಲುಕುವವರು, "ಧೈರ್ಯವಾಗಿ ಹೇಳಿದಿರಿ ಬ್ರದರ್" ಅನ್ನುವವರು. ಎಲ್ಲರಿಗೂ ಹಲ್ಲು ಕಿರಿದು, ದಾರಿ ಬಿಡಿಸಿಕೊಂಡು ಓಡಿದೆ. ಶೌಚಾಲಯದ ಮುಂದೆ ಆಗಲೇ ಸಾಲಿತ್ತು. ಈ ಸಲ ನಿಜವಾದದ್ದು, ಮೆಟ್ಟಿಲ ತನಕ.